ಲಂಗದ ಅಂಚು, ತೀರ್ಪುಗಾರರ ಕಣ್ಣು

ಫಿಗರ್ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಉಡುಪಿಗೆಂದು ಪ್ರತ್ಯೇಕ ಅಂಕವಿಲ್ಲ. ಹಾಗಿದ್ದೂ ಉಡುಪಿನ ಬಗ್ಗೆ ಇಷ್ಟೊಂದು ನಿಯಮ, ತಕರಾರು, ಖರ್ಚು ಇರುವ ಕ್ರೀಡೆಗಳು ತೀರ ಕಡಿಮೆ. ಹರಳು ಹಚ್ಚಿದ ಕಿರುಲಂಗ, ಮೈಬಣ್ಣದ ಜಾಲರಿ ಬಟ್ಟೆ, ಬಿಳಿ ಬೂಟು ಎಲ್ಲವೂ ನೋಡುವವರಿಗೆ ಬರಿಯ ಅಲಂಕಾರವೆನ್ನಿಸಬಹುದು. ಆದರೆ ಅವು ಹೀಗೇ ಇರುವುದಕ್ಕೆ ದರ್ಜಿಯ ಖಯಾಲಿಗಿಂತ ಹವಾಮಾನ, ಜಂಪ್‌ಗಳ ಕಷ್ಟ, ಟಿವಿ ಕ್ಯಾಮೆರಾ ಮತ್ತು ನಿಯಮಪುಸ್ತಕವೇ ಹೆಚ್ಚು ಕಾರಣ.

ಮಂಜುಗಡ್ಡೆಯ ಮೇಲೆ ಗೆರೆ ಬಿಡಿಸುವ ಕಸರತ್ತಾಗಿದ್ದ ಸ್ಕೇಟಿಂಗ್ 19ನೇ ಶತಮಾನದ ನಡುವಿನಲ್ಲಿ ನೃತ್ಯದ ಕಡೆಗೆ ಹೊರಳಿತು. ಬ್ಯಾಲೆ ಬಲ್ಲ ಅಮೆರಿಕದ ಜಾಕ್ಸನ್ ಹೇನ್ಸ್ 1860ರ ದಶಕದಲ್ಲಿ ಯುರೋಪಿಗೆ ಬಂದು, ಸಂಗೀತಕ್ಕೆ ತಕ್ಕಂತೆ ಮೈಬಾಗಿಸಿ ಸ್ಕೇಟ್ ಮಾಡುವುದನ್ನು ತೋರಿಸಿದ. ತಾಯ್ನಾಡಿನಲ್ಲಿ ಅವನನ್ನು ಕೇಳುವವರಿರಲಿಲ್ಲ, ವಿಯೆನ್ನಾದಲ್ಲಿ ಜನ ಮುಗಿಬಿದ್ದರು. 1892ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹುಟ್ಟಿತು. 1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆ ಕಾಲದ ಗಂಡಸರ ಚಿತ್ರಗಳಲ್ಲಿ ಕಾಣುವುದು ಎದೆಗೆ ಜರಿಪಟ್ಟಿ ಹೊಲಿದ ಸಿಪಾಯಿ ಮಾದರಿಯ ಗಿಡ್ಡ ಕೋಟು ಮತ್ತು ಕಾಲಿಗೆ ಅಂಟಿದಂತಿರುವ ಕಪ್ಪು ಟೈಟ್ಸ್. 1901ರಿಂದ 1911ರ ನಡುವೆ ಹತ್ತು ಬಾರಿ ವಿಶ್ವ ಚಾಂಪಿಯನ್ ಆದ ಸ್ವೀಡನ್ನಿನ ಉಲ್ರಿಕ್ ಸಾಲ್ಕೋ ಕೂಡ ಇದೇ ವೇಷದಲ್ಲಿ ಸ್ಪರ್ಧಿಸುತ್ತಿದ್ದ. ಮುಂದೆ ಇದೇ ಒಕ್ಕೂಟ ಗಂಡಸರು ಪೂರ್ತಿ ಉದ್ದದ ಪ್ಯಾಂಟನ್ನೇ ತೊಡಬೇಕು, ಟೈಟ್ಸ್ ಕೂಡದು ಎಂದು ನಿಯಮ ಮಾಡಿತು. ಸಾಲ್ಕೋನ ಹೆಸರು ಒಂದು ಜಂಪ್‌ಗೆ ಉಳಿದಿದೆ, ಅವನ ಉಡುಪು ಮಾತ್ರ ನಿಷೇಧದ ಪಟ್ಟಿ ಸೇರಿತು.

ಹೆಂಗಸರ ಪ್ರವೇಶವೇ ಒಂದು ಉಡುಪಿನ ವ್ಯಾಜ್ಯವಾಗಿ ಶುರುವಾಯಿತು. 1902ರಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಇಂಗ್ಲೆಂಡಿನ ಮ್ಯಾಜ್ ಸೈಯರ್ಸ್ ಹೆಸರು ಕೊಟ್ಟಳು. ಹೆಂಗಸರು ಸ್ಪರ್ಧಿಸಬಾರದು ಎಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಗಂಡಸರ ನಡುವೆ ಸ್ಪರ್ಧಿಸಿದ ಆಕೆ ಸಾಲ್ಕೋನ ಹಿಂದೆಯೇ ಎರಡನೆಯವಳಾಗಿ ನಿಂತಳು. ಒಕ್ಕೂಟ ಕೂಡಲೇ ಎಚ್ಚೆತ್ತು ಹೆಂಗಸರಿಗೆ ಬಾಗಿಲು ಮುಚ್ಚಿತು. ಕೊಟ್ಟ ಕಾರಣಗಳಲ್ಲಿ ಒಂದು, ಉದ್ದ ಲಂಗ ಪಾದವನ್ನು ಮುಚ್ಚುವುದರಿಂದ ತೀರ್ಪುಗಾರರಿಗೆ ಬ್ಲೇಡಿನ ಕೆಲಸ ಕಾಣುವುದಿಲ್ಲ ಎಂಬುದು. ಇನ್ನೊಂದು, ತೀರ್ಪುಗಾರ ತನಗೆ ಬೇಕಾದ ಹುಡುಗಿಗೇ ಅಂಕ ಕೊಟ್ಟುಬಿಡಬಹುದು ಎಂಬುದು! ಎರಡನೆಯದು ತೀರ್ಪುಗಾರರ ಮೇಲಿನ ಅಪನಂಬಿಕೆ; ಅದರ ದಂಡ ತೆತ್ತವರು ಮಾತ್ರ ಸ್ಪರ್ಧಿಗಳು. ಮೊದಲನೆಯ ಆಕ್ಷೇಪಣೆಗೆ ಸೈಯರ್ಸ್ ಕತ್ತರಿಯಿಂದ ಉತ್ತರ ಕೊಟ್ಟಳು. ಆಕೆ ತೊಟ್ಟದ್ದು ಮೀನಖಂಡದವರೆಗೆ ಬರುವ ಲಂಗ, ಪಾದ ಪೂರ್ತಿ ಕಾಣುತ್ತಿತ್ತು. 1906ರಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆ ಆರಂಭವಾದಾಗ ಆ ವರ್ಷವೂ ಮರುವರ್ಷವೂ ಆಕೆಯೇ ಗೆದ್ದಳು. 1908ರ ಲಂಡನ್ ಒಲಿಂಪಿಕ್ಸ್‌ನ ಚಿನ್ನವೂ ಆಕೆಯ ಪಾಲಾಯಿತು.

ಪಾದ ಕಾಣಿಸಿತು, ಮುಂದಿನ ಗಲಾಟೆ ಮಂಡಿಯದು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಥೆರೆಸಾ ವೆಲ್ಡ್ ತನ್ನ ಪ್ರದರ್ಶನದಲ್ಲಿ ಸಾಲ್ಕೋ ಜಂಪ್ ಹಾಕಿದಳು. ಲಂಗ ಮಂಡಿಯ ತನಕ ಹಾರಿತು ಎಂದು ತೀರ್ಪುಗಾರರು ಎಚ್ಚರಿಕೆ ಕೊಟ್ಟರು. ಹಾರುವುದು ಹೆಣ್ಣಿಗೆ ತರವಲ್ಲ ಎಂಬುದು ಆ ಎಚ್ಚರಿಕೆಯ ತಿರುಳು. ಕಂಚಿನ ಪದಕ ಹೇಗೂ ಸಿಕ್ಕಿತು, ಆದರೆ ಪ್ರಶ್ನೆ ಉಳಿಯಿತು: ಉದ್ದ ಲಂಗ ತೊಟ್ಟು ಜಂಪ್ ಹಾಕಲು ಆಗದು, ಜಂಪ್ ಹಾಕುವಷ್ಟು ಲಂಗ ಗಿಡ್ಡವಾದರೆ ಮರ್ಯಾದೆ ಹೋಗುತ್ತದೆ.

ಈ ಗಂಟನ್ನು ಬಿಡಿಸಿದ್ದು ಒಂದು ಮಗು. 1924ರ ಶಮೊನಿ ಒಲಿಂಪಿಕ್ಸ್‌ಗೆ ನಾರ್ವೆಯ ಸೋನ್ಯಾ ಹೆನಿ ಬಂದಾಗ ಅವಳ ವಯಸ್ಸು 11. ಎಂಟು ಮಂದಿಯಲ್ಲಿ ಕೊನೆಯವಳಾದಳು. ಆದರೆ ಹುಡುಗಿಯಾದ್ದರಿಂದ ಮಂಡಿಯ ಮೇಲಿನ ಲಂಗ ತೊಟ್ಟಿದ್ದಳು, ಮಕ್ಕಳ ಉಡುಪಿಗೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಆ ಲಂಗದಲ್ಲಿ ಅವಳು ಹಾರಬಲ್ಲವಳಾಗಿದ್ದಳು, ಸುತ್ತಬಲ್ಲವಳಾಗಿದ್ದಳು. ಮುಂದೆ ಬೆಳೆದಾಗಲೂ ಅವಳು ಲಂಗವನ್ನು ಉದ್ದ ಮಾಡಲಿಲ್ಲ. 1927ರಿಂದ ಸತತ ಹತ್ತು ವಿಶ್ವ ಚಾಂಪಿಯನ್‌ಷಿಪ್, 1928, 1932 ಮತ್ತು 1936ರ ಒಲಿಂಪಿಕ್ಸ್ ಚಿನ್ನ, ಎಲ್ಲವನ್ನೂ ಗೆದ್ದವಳ ಉಡುಪನ್ನು ಅಸಭ್ಯವೆಂದು ಯಾರು ಹೇಳಿಯಾರು? ಉಳಿದವರೂ ತಮ್ಮ ಲಂಗ ಕತ್ತರಿಸಿಕೊಂಡರು. ಆವರೆಗೆ ಗಂಡಸು ಹೆಂಗಸು ಎನ್ನದೆ ಎಲ್ಲರ ಬೂಟೂ ಕಪ್ಪು ಇಲ್ಲವೇ ಕಂದು. ಹೆನಿ ಬಿಳಿ ಬೂಟು ತೊಟ್ಟಳು, ಜಗತ್ತಿನ ಹುಡುಗಿಯರೆಲ್ಲ ಬಿಳಿ ಬೂಟು ಬೇಡಿದರು. ಮಂಜಿನ ಬಿಳುಪಿನಲ್ಲಿ ಬೂಟು ಕರಗಿ ಕಾಲು ಹಗುರವಾಗಿ ಕಾಣುತ್ತದೆ ಎಂಬ ಲಾಭವೂ ಅದರಲ್ಲಿತ್ತು. ಸ್ಪರ್ಧೆ ಬಿಟ್ಟು ಹಾಲಿವುಡ್‌ಗೆ ಹೋದ ಹೆನಿ ತೊಟ್ಟ ಮಿನುಗು ಬಟ್ಟೆ ಸಿನಿಮಾ ಮತ್ತು ಐಸ್ ಷೋಗಳ ಮೂಲಕ ಮತ್ತೆ ಸ್ಪರ್ಧೆಯ ರಿಂಕಿಗೆ ಹಿಂತಿರುಗಿತು. ಇಂದಿನ ಹರಳಿನ ಹುಚ್ಚಿಗೆ ಬೀಜ ಬಿದ್ದದ್ದು ಅಲ್ಲೇ.

ಆದರೂ ಇನ್ನು ಮೂರು ದಶಕ ಬಟ್ಟೆ ದಪ್ಪಗೇ ಉಳಿಯಿತು. ಕಾರಣ ಚಳಿ. ದೊಡ್ಡ ಸ್ಪರ್ಧೆಗಳು ಬಯಲಿನಲ್ಲೇ ನಡೆಯುತ್ತಿದ್ದವು. 1956ರ ಕೊರ್ಟಿನಾ ಒಲಿಂಪಿಕ್ಸ್ ಕೂಡ ಬಯಲು ರಿಂಕಿನದು. ಅಲ್ಲದೆ ಆಗಿನ ಸ್ಪರ್ಧೆಯ ದೊಡ್ಡ ಪಾಲು ಕಡ್ಡಾಯ ಫಿಗರ್‌ಗಳದಾಗಿತ್ತು: ಮಂಜಿನ ಮೇಲೆ ಎಂಟರ ಆಕಾರದ ಗೆರೆಗಳನ್ನು ಮತ್ತೆ ಮತ್ತೆ ಅದೇ ಜಾಡಿನಲ್ಲಿ ಕೊರೆಯುವ ಪರೀಕ್ಷೆ. ಗಂಟೆಗಟ್ಟಲೆ ನಡೆಯುವ ಆ ಕೆಲಸಕ್ಕೆ ಉಣ್ಣೆಯ ಅಂಗಿ, ಕೈಗವಸು, ಸಾದಾ ಲಂಗ. ಫ್ರೀ ಸ್ಕೇಟಿಂಗ್‌ಗೆ ಮಾತ್ರ ಮಖಮಲ್ಲು, ತುಪ್ಪಳದ ಅಂಚು. ಒಬ್ಬ ಸ್ಪರ್ಧಿಗೆ ಎರಡು ಬಗೆಯ ಬಟ್ಟೆ ಬೇಕಾಗುತ್ತಿತ್ತು. 1967ರಲ್ಲಿ ವಿಯೆನ್ನಾದ ಬಯಲು ರಿಂಕಿನಲ್ಲಿ ಮಳೆಯ ನಡುವೆ ವಿಶ್ವ ಚಾಂಪಿಯನ್‌ಷಿಪ್ ನಡೆಸಿ ಸಾಕಾದ ಮೇಲೆ ಒಕ್ಕೂಟ ಇನ್ನು ಮುಂದೆ ಸೂರಿನ ಕೆಳಗೇ ಎಂದು ತೀರ್ಮಾನಿಸಿತು. ಉಡುಪಿನ ಚರಿತ್ರೆಯಲ್ಲಿ ಯಾವ ವಿನ್ಯಾಸಕಾರನಿಗಿಂತಲೂ ಈ ಸೂರಿನ ಪಾತ್ರ ದೊಡ್ಡದು. ಗಾಳಿ, ಮಳೆ, ಹಿಮ ತಪ್ಪಿದೊಡನೆ ಬಟ್ಟೆ ತೆಳುವಾಗಲು ಯಾವ ಅಡ್ಡಿಯೂ ಉಳಿಯಲಿಲ್ಲ. ಕಡ್ಡಾಯ ಫಿಗರ್‌ಗಳೂ 1990ರ ನಂತರ ವಿಶ್ವ ಚಾಂಪಿಯನ್‌ಷಿಪ್‌ನಿಂದ ಮರೆಯಾದವು, ಅವುಗಳ ಜೊತೆ ಆ ಸಾದಾ ಉಡುಪೂ ಹೋಯಿತು.

ಸೂರು ಬಂದ ಹೊತ್ತಿಗೇ ಬಣ್ಣದ ಟಿವಿಯೂ ಬಂತು. 1968ರ ಗ್ರೆನೋಬ್ಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪೆಗ್ಗಿ ಫ್ಲೆಮಿಂಗ್ ತೊಟ್ಟ ಹಳದಿ ಮಿಶ್ರಿತ ಎಳೆ ಹಸಿರು ಉಡುಪನ್ನು ಹೊಲಿದವರು ಅವಳ ತಾಯಿ ಡೋರಿಸ್. ಆ ಬಣ್ಣದ ಹೆಸರು ಶಾರ್ತ್ರೂಸ್. ಗ್ರೆನೋಬ್ಲ್ ಬಳಿಯ ಬೆಟ್ಟಗಳಲ್ಲಿರುವ ಮಠವೊಂದರ ಸನ್ಯಾಸಿಗಳು ತಯಾರಿಸುವ ಮದ್ಯದಿಂದ ಬಂದ ಹೆಸರದು. ಸ್ಥಳೀಯರಿಗೆ ಮೆಚ್ಚುಗೆಯಾದೀತೆಂದು ತಾಯಿ ಬೇಕೆಂದೇ ಆ ಬಣ್ಣ ಆರಿಸಿದ್ದರು. ಸಾದಾ ಕತ್ತರಿಕೆ, ಉದ್ದ ತೋಳು, ಕೊರಳಲ್ಲಿ ಕೈತೋಳಿನಲ್ಲಿ ಒಂದಿಷ್ಟು ಹರಳು, ಅಷ್ಟೇ. ಆ ಕೂಟದಲ್ಲಿ ಅಮೆರಿಕಕ್ಕೆ ಬಂದ ಒಂದೇ ಒಂದು ಚಿನ್ನ ಫ್ಲೆಮಿಂಗ್‌ಳದು. ಅವಳ ಗೆಲುವಿನ ಜೊತೆಗೆ ಆ ಹಸಿರೂ ಅಮೆರಿಕದ ಮನೆಗಳ ಪರದೆಯ ಮೇಲೆ ಬಂತು. ಅಲ್ಲಿಂದ ಮುಂದೆ ಬಣ್ಣ ಆರಿಸುವಾಗ ರಿಂಕಿನ ಅಂಚಿನಲ್ಲಿ ಕುಳಿತ ತೀರ್ಪುಗಾರರ ಜೊತೆಗೆ ಕ್ಯಾಮೆರಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಅದೇ ಕಾಲಕ್ಕೆ ಬಟ್ಟೆಯೇ ಬದಲಾಯಿತು. ಅಮೆರಿಕದ ಡ್ಯೂಪಾಂಟ್ ಕಂಪನಿ 1950ರ ದಶಕದ ಕೊನೆಯಲ್ಲಿ ತಯಾರಿಸಿದ, ಲೈಕ್ರಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಎಳೆ ಎಳೆದಷ್ಟೂ ಹಿಗ್ಗಿ ಮತ್ತೆ ಕುಗ್ಗುತ್ತಿತ್ತು. ಮೊದಲಿನ ಬಟ್ಟೆಯಲ್ಲಿ ತೋಳೆತ್ತಿದರೆ ಕಂಕುಳು ಹಿಡಿಯುತ್ತಿತ್ತು, ಕಾಲೆತ್ತಿದರೆ ಹೊಲಿಗೆ ಬಿಡುತ್ತಿತ್ತು. ಹಿಗ್ಗುವ ಬಟ್ಟೆ ಬಂದಾಗ ಉಡುಪು ಚರ್ಮದಂತೆ ಮೈಗೆ ಕೂತಿತು. ಜಂಪ್‌ಗಳೂ ಅದೇ ವೇಗದಲ್ಲಿ ಕಷ್ಟವಾಗುತ್ತಿದ್ದವು. 1962ರಲ್ಲಿ ಕೆನಡಾದ ಪೆಟ್ರಾ ಬರ್ಕಾ ಹೆಂಗಸರಲ್ಲಿ ಮೊದಲ ಮೂರು ಸುತ್ತಿನ ಜಂಪ್ ಹಾಕಿದಳು. 1988ರ ಹೊತ್ತಿಗೆ ಜಪಾನಿನ ಮಿದೋರಿ ಇತೊ ಮೂರೂವರೆ ಸುತ್ತಿನ ಆಕ್ಸೆಲ್ ತಲುಪಿದಳು. ಗಾಳಿಯಲ್ಲಿ ಸಿಗುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಅಷ್ಟರಲ್ಲಿ ಮೂರು ನಾಲ್ಕು ಸುತ್ತು ತಿರುಗಬೇಕಾದರೆ ಮೈಯಿಂದ ದೂರ ಹರಡುವ ಪ್ರತಿ ನೆರಿಗೆಯೂ ತಿರುಗುವಿಕೆಯನ್ನು ತಡೆಯುತ್ತದೆ. ಲಂಗ ಚಿಕ್ಕದಾದದ್ದರ ಹಿಂದೆ ಚೆಲುವಿನಷ್ಟೇ ಈ ಲೆಕ್ಕವೂ ಇದೆ.

ಗಂಡಸರಿಗೆ ಮಾತ್ರ ಈ ಸ್ವಾತಂತ್ರ್ಯ ತಡವಾಗಿ ಬಂತು. ಯುದ್ಧಾನಂತರದ ಎರಡು ಮೂರು ದಶಕ ಅವರ ಉಡುಪು ಗಿಡ್ಡ ಕೋಟು, ಬೋ ಟೈ, ಇಸ್ತ್ರಿ ಮಾಡಿದ ಪ್ಯಾಂಟು. ದೂರದಿಂದ ನೋಡಿದರೆ ಹೋಟೆಲಿನ ಮಾಣಿಗಳು ಸ್ಕೇಟ್ ಕಟ್ಟಿಕೊಂಡಂತೆ. 1970ರ ದಶಕದಲ್ಲಿ ಕೆನಡಾದ ಟೋಲರ್ ಕ್ರಾನ್‌ಸ್ಟನ್ ಕೊರಳಿಂದ ಕಾಲ್ಬೆರಳ ತನಕ ಒಂದೇ ಬಟ್ಟೆಯ, ಮಿನುಗು ಹಚ್ಚಿದ ಉಡುಪು ತೊಟ್ಟು ಬಂದ. ಇಂಗ್ಲೆಂಡಿನ ಜಾನ್ ಕರಿ ಬ್ಯಾಲೆ ಕಲಾವಿದನ ಸರಳತೆಯನ್ನು ಹಿಡಿದ. 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಕರಿಗೆ ಚಿನ್ನ, ಕ್ರಾನ್‌ಸ್ಟನ್‌ಗೆ ಕಂಚು. ಇದಕ್ಕೆ ಪ್ರತಿಯಾಗಿ ಅಮೆರಿಕದ ಸ್ಕಾಟ್ ಹ್ಯಾಮಿಲ್ಟನ್ ಹರಳು ಮಿನುಗುಗಳನ್ನೆಲ್ಲ ಕಿತ್ತು, ಸ್ಪೀಡ್ ಸ್ಕೇಟರ್‌ಗಳ ಮಾದರಿಯ ಸಾದಾ ಬಿಗಿ ಉಡುಪಿನಲ್ಲಿ 1984ರ ಸರಯೆವೊ ಚಿನ್ನ ಗೆದ್ದ. ಇದು ಆಟ, ನಾಟಕವಲ್ಲ ಎಂದು ತೋರಿಸುವುದು ಅವನ ಉದ್ದೇಶ. ಅವನ ಮಾತನ್ನು ಎಲ್ಲರೂ ಮೆಚ್ಚಿದರು, ಅನುಸರಿಸಿದವರು ಕಡಿಮೆ. ನಾಲ್ಕೇ ವರ್ಷದಲ್ಲಿ ಅವನ ದೇಶದವನೇ ಆದ ಬ್ರಯನ್ ಬೊಯಿಟಾನೊ ಹೆಗಲಪಟ್ಟಿಯ ಸೇನಾ ಸಮವಸ್ತ್ರದಲ್ಲಿ ಕ್ಯಾಲ್ಗರಿಯಲ್ಲಿ ಗೆದ್ದ.

ಯಕ್ಷಗಾನದಲ್ಲಿ ಮುಖವರ್ಣಿಕೆ ಕಿರೀಟ ನೋಡಿದೊಡನೆ ಬಂದದ್ದು ರಾಜನೋ ರಾಕ್ಷಸನೋ ತಿಳಿಯುವಂತೆ, ಉಡುಪೇ ಪಾತ್ರವನ್ನು ಹೇಳಬೇಕೆಂಬ ಹಂಬಲ ಸ್ಕೇಟಿಂಗ್‌ನಲ್ಲಿ ಬಲವಾಗಿ ಬೇರೂರಿದ್ದು 1980ರ ದಶಕದಲ್ಲಿ. ಸರಯೆವೊದಲ್ಲೇ ಇಂಗ್ಲೆಂಡಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟಫರ್ ಡೀನ್ ರಾವೆಲ್‌ನ ಬೊಲೆರೊಗೆ ಮಾಡಿದ ಐಸ್ ಡಾನ್ಸ್ ಇದಕ್ಕೆ ದೊಡ್ಡ ನಿದರ್ಶನ. ಉಡುಪು ರೂಪಿಸಿದವನು ಕೋರ್ಟ್ನಿ ಜೋನ್ಸ್, ತಾನೂ ಹಿಂದೆ ಐಸ್ ಡಾನ್ಸ್ ವಿಶ್ವ ಚಾಂಪಿಯನ್. ಇಬ್ಬರಿಗೂ ತೆಳುವಾದ ನೇರಳೆ ಬಟ್ಟೆ, ಛಾಯೆಯಿಂದ ಛಾಯೆಗೆ ಕರಗುವ ಬಣ್ಣ. ಇಬ್ಬರು ಒಂದಾದಾಗ ಯಾರ ಬಟ್ಟೆ ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತಿರಲಿಲ್ಲ. ಹರಳಿನ ಹೊಳಪನ್ನು ನೆಚ್ಚಿಕೊಳ್ಳದೆ ಚಲನೆಯನ್ನೇ ನೆಚ್ಚಿಕೊಂಡ ಆ ಉಡುಪು ಇಂದಿಗೂ ಹಳತಾಗಿಲ್ಲ. ಆ ದಿನ ಅವರಿಗೆ 12 ಬಾರಿ ಪೂರ್ಣಾಂಕ 6.0 ಬಿತ್ತು.

ಪಾತ್ರದ ಹೆಸರಿನಲ್ಲಿ ಬಟ್ಟೆ ಕುಗ್ಗಿದಾಗ ನಿಯಮ ಎದ್ದು ನಿಂತಿತು. 1988ರ ಕ್ಯಾಲ್ಗರಿಯಲ್ಲಿ ಪೂರ್ವ ಜರ್ಮನಿಯ ಕಟರೀನಾ ವಿಟ್ ಕಿರು ಪ್ರದರ್ಶನಕ್ಕೆ ತೊಟ್ಟ ನೀಲಿ ಉಡುಪಿನಲ್ಲಿ ಲಂಗವೇ ಇರಲಿಲ್ಲ, ಸೊಂಟದ ಸುತ್ತ ಗರಿಗಳ ಕುಚ್ಚು ಮಾತ್ರ. ಎದುರಾಳಿ ತರಬೇತುದಾರರು ಗದ್ದಲ ಎಬ್ಬಿಸಿದರು. ವಿಟ್ ಆ ಕೂಟದಲ್ಲಿ ಎರಡನೇ ಬಾರಿಗೆ ಚಿನ್ನ ಗೆದ್ದಳು, ಆದರೆ ಒಕ್ಕೂಟ ಹೆಂಗಸರು ಸೊಂಟ ಮತ್ತು ನಿತಂಬ ಮುಚ್ಚುವ ಲಂಗ ತೊಡಲೇಬೇಕೆಂದು ಬರೆದಿಟ್ಟಿತು. ಸ್ಕೇಟರ್‌ಗಳ ಬಾಯಲ್ಲಿ ಅದು ‘ಕಟರೀನಾ ನಿಯಮ’ ಆಯಿತು. ಲಂಗ ತೀರ ಉದ್ದವೆಂದು ಹೆಂಗಸರನ್ನು ಹೊರಗಿಟ್ಟ ಸಂಸ್ಥೆಯೇ ಎಂಟು ದಶಕಗಳ ನಂತರ ಲಂಗ ಸಾಲದೆಂದು ನಿಯಮ ಮಾಡಿತು. ಎರಡೂ ಸಲ ಚರ್ಚೆಯಾದದ್ದು ಹೆಣ್ಣಿನ ಕಾಲು. 2004ರಲ್ಲಿ ಈ ನಿಯಮ ಸಡಿಲಗೊಂಡು ಹೆಂಗಸರಿಗೆ ಪ್ಯಾಂಟು, ಮೈಬಿಗಿ ಉಡುಪು ತೊಡಲು ಅವಕಾಶವಾಯಿತು. ಐಸ್ ಡಾನ್ಸ್‌ನಲ್ಲಿ ಮಾತ್ರ ಲಂಗದ ಕಟ್ಟು ಇನ್ನೂ ಹಲವು ವರ್ಷ ಉಳಿಯಿತು. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಇರಿನಾ ಸ್ಲುಟ್ಸ್ಕಾಯಾ ಪ್ಯಾಂಟಿನಲ್ಲೇ ಸ್ಪರ್ಧಿಸಿದಳು. ಅನುಮತಿ ಸಿಕ್ಕರೂ ಹೆಚ್ಚಿನವರು ಲಂಗ ಬಿಡಲಿಲ್ಲ. ನಿಯಮ ಹೋದ ಮೇಲೆ ರೂಢಿ ಆ ಕೆಲಸ ಮಾಡಿತು.

1990ರ ದಶಕದಲ್ಲಿ ಹೊಲಿಗೆ ಮನೆಯ ಅಡುಗೆಮೇಜಿನಿಂದ ದೊಡ್ಡ ಫ್ಯಾಷನ್ ಅಂಗಡಿಗಳಿಗೆ ಸ್ಥಳಾಂತರಗೊಂಡಿತು. ಮದುವೆ ಉಡುಪುಗಳಿಗೆ ಹೆಸರಾದ ನ್ಯೂಯಾರ್ಕಿನ ವೆರಾ ವ್ಯಾಂಗ್ ತರುಣಿಯಾಗಿದ್ದಾಗ ತಾನೇ ಜೋಡಿ ಸ್ಕೇಟರ್. 1968ರ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾಗವಹಿಸಿದವಳು. 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ಗೆ ಅಮೆರಿಕದ ನ್ಯಾನ್ಸಿ ಕೆರಿಗನ್‌ಗೆ ಆಕೆ ರೂಪಿಸಿದ ತಿಳಿ ಹೊಂಬಣ್ಣದ ಉಡುಪಿನಲ್ಲಿ ಸಾವಿರಾರು ಹರಳುಗಳಿದ್ದವು. ಅದರ ಎದುರಿಗೆ ಉಕ್ರೇನಿನ ಹದಿನಾರರ ಒಕ್ಸಾನಾ ಬಯೂಲ್ ಬೊಂಬೆಗೆ ತೊಡಿಸಿದಂಥ ಗುಲಾಬಿ ಉಡುಪಿನಲ್ಲಿ ಬಂದು, ಒಂಬತ್ತು ತೀರ್ಪುಗಾರರಲ್ಲಿ ಐವರ ಒಲವಿನಿಂದ ಚಿನ್ನ ಒಯ್ದಳು. ಹೆಸರಾಂತ ದರ್ಜಿ ಪದಕ ಗ್ಯಾರಂಟಿ ಮಾಡಲಾರ ಎಂಬುದು ಅಲ್ಲೇ ಗೊತ್ತಾಗಿದ್ದರೂ ವ್ಯಾಂಗ್‌ಗೆ ಬೇಡಿಕೆ ಕಡಿಮೆಯಾಗಲಿಲ್ಲ: ಮಿಶೆಲ್ ಕ್ವಾನ್, 2010ರ ವ್ಯಾಂಕೂವರ್‌ನಲ್ಲಿ ಗೆದ್ದ ಇವಾನ್ ಲೈಸಾಚೆಕ್, 2022ರ ಬೀಜಿಂಗ್‌ನಲ್ಲಿ ಗೆದ್ದ ನೇಥನ್ ಚೆನ್ ಎಲ್ಲರೂ ಆಕೆಯ ಉಡುಪು ತೊಟ್ಟವರೇ.

ಇಂಥ ಒಂದು ಉಡುಪನ್ನು ಹತ್ತಿರದಿಂದ ನೋಡಿದರೆ ಅದರ ಒಳಗುಟ್ಟು ತಿಳಿಯುತ್ತದೆ. ಬೆನ್ನು, ಎದೆ, ತೋಳು ಬರಿದಾಗಿ ಕಾಣುವ ಕಡೆಯೆಲ್ಲ ಜಾಲರಿ ಬಟ್ಟೆ ಇರುತ್ತದೆ, ಅದನ್ನು ಆಯಾ ಸ್ಕೇಟರ್‌ಳ ಮೈಬಣ್ಣಕ್ಕೆ ಸರಿಯಾಗಿ ಅದ್ದಿ ಬಣ್ಣ ಹಾಕಿರುತ್ತಾರೆ. ಲಂಗ ಬಿಡಿಯಾದದ್ದಲ್ಲ, ಒಳಗಿನ ಈಜುಡುಪಿನಂಥ ಕವಚಕ್ಕೆ ಸೊಂಟದಲ್ಲಿ ಹೊಲಿದದ್ದು. ಗಂಡಸರ ಅಂಗಿಯ ಕೆಳಗೂ ಚಡ್ಡಿ ಸೇರಿಸಿ ಹೊಲಿಯುತ್ತಾರೆ, ಇಲ್ಲವಾದರೆ ಕೈಯೆತ್ತಿದ ಕೂಡಲೇ ಅಂಗಿ ಪ್ಯಾಂಟಿನಿಂದ ಹೊರಬರುತ್ತದೆ. ಪ್ಯಾಂಟಿನ ಅಂಚಿಗೆ ಬೂಟಿನಡಿ ಸಿಕ್ಕಿಸುವ ಪಟ್ಟಿ. ಹರಳುಗಳನ್ನು ಒಂದೊಂದಾಗಿ ಅಂಟಿಸುತ್ತಾರೆ, ಕೆಲವನ್ನು ಸೂಜಿಯಿಂದ ಕೂರಿಸುತ್ತಾರೆ. ಜೋಡಿ ಸ್ಕೇಟಿಂಗ್‌ನಲ್ಲಿ ಜೊತೆಗಾರ ಎತ್ತುವಾಗ ಹಿಡಿಯುವ ಸೊಂಟ ಪಕ್ಕೆಗಳನ್ನು ಬಿಟ್ಟುಬಿಡುತ್ತಾರೆ: ಹರಳಿದ್ದರೆ ಕೈ ಜಾರುತ್ತದೆ, ಗೀಚುತ್ತದೆ. ಉದುರಿದ ಒಂದು ಮಣಿ ಇನ್ನೊಬ್ಬರ ಬ್ಲೇಡಿನಡಿ ಸಿಕ್ಕರೆ ಬೀಳುವುದೇ. ಆದ್ದರಿಂದ ಉಡುಪಿನ ಯಾವ ಭಾಗ ಮಂಜಿನ ಮೇಲೆ ಬಿದ್ದರೂ ಅಂಕ ಕಡಿತವಿದೆ. ಕೈಯಲ್ಲಿ ಹಿಡಿಯುವ ಸಾಮಗ್ರಿಗೆ ಅವಕಾಶವೇ ಇಲ್ಲ. ಉಡುಪು ಸಭ್ಯವಾಗಿ ಗಂಭೀರವಾಗಿರಬೇಕು, ಸಂಗೀತದ ಗುಣವನ್ನು ತೋರಬಹುದು, ನಾಟಕೀಯವಾಗಿರಬಾರದು ಎನ್ನುತ್ತದೆ ನಿಯಮ. ಕೊನೆಯ ಎರಡು ಮಾತುಗಳ ನಡುವಿನ ಗೆರೆ ಎಲ್ಲಿದೆ ಎಂದು ಯಾರೂ ಸ್ಪಷ್ಟವಾಗಿ ಹೇಳಿಲ್ಲ.

ಬೇರೆಯವರ ಸಂಸ್ಕೃತಿಯನ್ನು ತೊಡುವಾಗ ಈ ಗೆರೆ ಇನ್ನೂ ಮಸುಕಾಗುತ್ತದೆ. 2009-10ರ ಋತುವಿನಲ್ಲಿ ಐಸ್ ಡಾನ್ಸ್ ಜೋಡಿಗಳಿಗೆಲ್ಲ ಜಾನಪದ ನೃತ್ಯದ ವಿಷಯ ಕೊಟ್ಟಿದ್ದರು. ರಷ್ಯಾದ ಒಕ್ಸಾನಾ ಡೊಮ್ನಿನಾ ಮತ್ತು ಮ್ಯಾಕ್ಸಿಮ್ ಶಬಾಲಿನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ನೃತ್ಯವೆಂದು ಕಂದು ಬಟ್ಟೆಗೆ ಬಿಳಿ ಗೆರೆ ಬರೆಸಿ, ಎಲೆ ಕಟ್ಟಿಕೊಂಡು ಬಂದರು. ಆಸ್ಟ್ರೇಲಿಯಾದ ಮೂಲನಿವಾಸಿ ಮುಖಂಡರು ಇದು ಅವಹೇಳನವೆಂದು ಖಂಡಿಸಿದರು. ವ್ಯಾಂಕೂವರ್‌ಗೆ ಬರುವ ಹೊತ್ತಿಗೆ ಬಣ್ಣ ತಿಳಿಯಾಯಿತು, ಟೀಕೆ ನಿಲ್ಲಲಿಲ್ಲ. ಅದೇ ಋತುವಿನಲ್ಲಿ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ‘ದೇವದಾಸ್’ ಚಿತ್ರದ ‘ಡೋಲಾ ರೇ’, ಜೊತೆಗೆ ‘ಕಜರಾ ರೇ’ ಹಾಡುಗಳನ್ನು ಆರಿಸಿಕೊಂಡರು. ಅವರು ಮಿಶಿಗನ್‌ನ ಭಾರತೀಯ ನೃತ್ಯ ಶಿಕ್ಷಕಿಯೊಬ್ಬರಲ್ಲಿ ಹೋಗಿ ಕೈಮುದ್ರೆ, ಕತ್ತಿನ ಚಲನೆ ಕಲಿತರು. ಉಡುಪನ್ನು ನಮ್ಮ ಲಂಗ-ಚೋಲಿಯ ಮಾದರಿಯಲ್ಲಿ ಹೊಲಿಸಿದರು. ಅದರ ವಿಡಿಯೋ ಭಾರತದಲ್ಲೂ ಹರಿದಾಡಿ ಮೆಚ್ಚುಗೆ ಗಳಿಸಿತು. ಡೇವಿಸ್-ವೈಟ್ ಬೆಳ್ಳಿ ಗೆದ್ದರು, ರಷ್ಯಾದ ಜೋಡಿ ಕಂಚು. ಎರಡೂ ಎರವಲು ಉಡುಪೇ. ಒಂದರಲ್ಲಿ ಆ ಜನರನ್ನು ಕೇಳಿ ಕಲಿತಿದ್ದರು, ಇನ್ನೊಂದರಲ್ಲಿ ದೂರದಿಂದ ಊಹಿಸಿದ್ದರು.

ಅದೇ ವರ್ಷ ಅಮೆರಿಕದ ಜಾನಿ ವಿಯರ್ ಹೆಗಲಿಗೆ ಬಿಳಿ ನರಿಯ ತುಪ್ಪಳ ಹೊಲಿಸಿ, ಪ್ರಾಣಿದಯಾ ಸಂಘಟನೆಗಳ ಪ್ರತಿಭಟನೆಯ ನಂತರ ಕೃತಕ ತುಪ್ಪಳಕ್ಕೆ ಬದಲಿಸಿದ. ಗಂಡಸರ ಉಡುಪಿನಲ್ಲಿ ಲೇಸು, ಗರಿ, ಹೂವುಗಳನ್ನು ಸಂಕೋಚವಿಲ್ಲದೆ ತಂದ ವಿಯರ್, ಜಪಾನಿನ ಯುಜುರು ಹನ್ಯೂ 2014ರ ಸೋಚಿಯಲ್ಲಿ ಚಿನ್ನ ಗೆಲ್ಲುವಾಗ ತೊಟ್ಟ ಉಡುಪನ್ನೂ ರೂಪಿಸಿದ. 2018ರಲ್ಲಿ ಹನ್ಯೂ ಎರಡನೇ ಚಿನ್ನ ಗೆದ್ದ ‘ಸೆಯ್‌ಮೆಯ್’ ಪ್ರದರ್ಶನಕ್ಕೆ ಸತೊಮಿ ಇತೊ ಹೊಲಿದದ್ದು ಸಾವಿರ ವರ್ಷ ಹಿಂದಿನ ಹೆಯಾನ್ ಕಾಲದ ಆಸ್ಥಾನಿಕರ ಸಡಿಲ ನಿಲುವಂಗಿಯ ಹಗುರ ರೂಪ. ನಿಲುವಂಗಿಯ ತೋಳು ಹಾರಬೇಕು, ನಾಲ್ಕು ಸುತ್ತಿನ ಜಂಪ್‌ಗೆ ಅಡ್ಡಬರಬಾರದು. ಈ ಎರಡನ್ನೂ ಸಾಧಿಸಿದ ಆ ಉಡುಪು ಇತ್ತೀಚಿನ ಉಡುಪುಗಳಲ್ಲಿ ಎಲ್ಲಕ್ಕಿಂತ ಯಶಸ್ವಿಯಾದದ್ದು. 2019-20ರಲ್ಲಿ ರಷ್ಯಾದ ಆನ್ನಾ ಶೆರ್ಬಕೊವಾ ‘ಫೈರ್‌ಬರ್ಡ್’ ಸಂಗೀತದ ನಡುವೆ ಸುತ್ತುತ್ತಲೇ ಉಡುಪಿನ ಬಣ್ಣ ಬದಲಿಸಿ ಕೆಂಪಾಗಿ ನಿಂತಳು. ಚಪ್ಪಾಳೆ ಬಿತ್ತು, ಆದರೆ ಅದು ಸ್ಕೇಟಿಂಗ್‌ಗಿಂತ ಜಾದೂವಿಗೆ ಹತ್ತಿರ.

ಇಷ್ಟೆಲ್ಲ ಕುಸುರಿ ಒಂದು ಹುಕ್ಕಿನ ಮೇಲೆ ನಿಂತಿರುತ್ತದೆ. 2018ರ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಕೊರಿಯಾದ ಐಸ್ ಡಾನ್ಸರ್ ಯುರಾ ಮಿನ್‌ಳ ಬೆನ್ನಿನ ಹುಕ್ಕು ಪ್ರದರ್ಶನದ ಆರಂಭದಲ್ಲೇ ಕಳಚಿತು. ಉಡುಪು ಜಾರದಂತೆ ನೋಡಿಕೊಳ್ಳುತ್ತಲೇ ಆಕೆ ಮುಗಿಸಬೇಕಾಯಿತು. ಕೆಲವೇ ದಿನಗಳಲ್ಲಿ ಫ್ರಾನ್ಸಿನ ಗೇಬ್ರಿಯೆಲಾ ಪಾಪಡಾಕಿಸ್‌ಗೂ ಅದೇ ಗತಿ: ಕೊರಳ ಹಿಂದಿನ ಕೊಂಡಿ ಬಿಟ್ಟಿತು, ಜಗತ್ತಿನೆದುರು ನೇರ ಪ್ರಸಾರದಲ್ಲಿ. ಆಕೆ ಎಲ್ಲೂ ನಿಲ್ಲದೆ ಪೂರ್ತಿ ಮಾಡಿದಳು. ಮರುದಿನ ಆಕೆ ಮತ್ತು ಗಿಯೋಮ್ ಸಿಝೆರೊನ್ ಫ್ರೀ ಡಾನ್ಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದರೂ ಒಟ್ಟು ಲೆಕ್ಕದಲ್ಲಿ ಕೆನಡಾದ ಟೆಸ್ಸಾ ವರ್ಚು ಮತ್ತು ಸ್ಕಾಟ್ ಮೊಯಿರ್ ಜೋಡಿಗಿಂತ 0.79 ಅಂಕ ಹಿಂದೆ ಬಿದ್ದು ಬೆಳ್ಳಿಗೆ ನಿಂತರು. ನಾಲ್ಕು ವರ್ಷದ ನಂತರ ಬೀಜಿಂಗ್‌ನಲ್ಲಿ ಅದೇ ಜೋಡಿ ಚಿನ್ನ ಗೆದ್ದಿತು.